ಸ್ಥೂಲಗಣನೆ: ಮೊತ್ತದ ಅಂದಾಜನ್ನು ಮಕ್ಕಳಿಗೆ ಕಲಿಸುವ ಬಗೆ

ಸಂಖ್ಯೆಗಳನ್ನು ಹತ್ತಿರದ ಹತ್ತಕ್ಕೋ ನೂರಕ್ಕೋ ಸಾವಿರಕ್ಕೋ ಸರಿಹೊಂದಿಸಿಕೊಂಡು ಕೂಡಿ, ಮೊತ್ತವು ಸುಮಾರು ಎಷ್ಟಾದೀತೆಂದು ಮುಂಚಿತವಾಗಿಯೇ ತಿಳಿಯುವ ಕ್ರಮವನ್ನು ಪ್ರಕೃತ ಲೇಖನದಲ್ಲಿ ಸ್ಥೂಲಗಣನೆಯೆಂದು ಕರೆದಿದೆ. ಇದು ಕೆಳಗಿನ ತರಗತಿಗಳ ಪಾಠ. ಇತಿಹಾಸವನ್ನು ಬೋಧಿಸತಕ್ಕವನಿಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಇತಿಹಾಸದ ಆಕರಗಳಲ್ಲಿ ಸಂಖ್ಯೆಗಳಿಗೆ ಕೊರತೆಯಿಲ್ಲ. ಶಾಸನಗಳಲ್ಲಿ ದತ್ತಿಯ ಗದ್ಯಾಣಗಳಿವೆ, ಪ್ರವಾಸಿಗಳ ಬರಹಗಳಲ್ಲಿ ಸೈನ್ಯದ ಎಣಿಕೆಯಿದೆ, ಜನಗಣತಿಯ ವರದಿಗಳಲ್ಲಿ ಕೋಷ್ಟಕಗಳಿವೆ. ಕಾಲೇಜಿಗೆ ಬರುವ ವಿದ್ಯಾರ್ಥಿ ಇವುಗಳನ್ನು ಓದುತ್ತಾನೆ, ಬರೆದುಕೊಳ್ಳುತ್ತಾನೆ, ಪರೀಕ್ಷೆಯಲ್ಲಿ ಒಂದಂಕೆಯೂ ತಪ್ಪದಂತೆ ಒಪ್ಪಿಸುತ್ತಾನೆ. ಆದರೆ ಏಳು ಲಕ್ಷಕ್ಕೂ ಎಪ್ಪತ್ತು ಸಾವಿರಕ್ಕೂ ಇರುವ ಅಂತರ ಅವನ ಮನಸ್ಸಿಗೆ ತಟ್ಟುವುದಿಲ್ಲ. ಸೊನ್ನೆಯೊಂದು ಅಚ್ಚಿನಲ್ಲಿ ಬಿಟ್ಟುಹೋಗಿದ್ದರೂ ಅವನಿಗೆ ಅನುಮಾನ ಬಾರದು. ಈ ಕೊರತೆ ಕಾಲೇಜಿನಲ್ಲಿ ಹುಟ್ಟಿದುದಲ್ಲ. ಎಂಟು ಒಂಬತ್ತು ವಯಸ್ಸಿನಲ್ಲಿ ಕೂಡುವ ಲೆಕ್ಕವನ್ನು ಕಲಿತ ರೀತಿಯಲ್ಲಿಯೇ ಅದರ ಬೇರಿದೆ ಎಂಬುದು ನನ್ನ ಅಭಿಪ್ರಾಯ.

ಈ ಕೊರತೆ ನಮ್ಮಲ್ಲಿ ಮಾತ್ರವಿದೆಯೆಂದು ಭಾವಿಸಬೇಕಾಗಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1977-78ರಲ್ಲಿ ರಾಷ್ಟ್ರವ್ಯಾಪಿಯಾಗಿ ನಡೆದ ಗಣಿತ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಹೀಗೊಂದು ಪ್ರಶ್ನೆಯನ್ನು ಕೊಡಲಾಗಿತ್ತು: 12/13 ಮತ್ತು 7/8 ಎಂಬ ಭಿನ್ನರಾಶಿಗಳ ಮೊತ್ತ ಸುಮಾರು ಎಷ್ಟು? ಸೂಚಿಸಿದ್ದ ಉತ್ತರಗಳು 1, 2, 19 ಮತ್ತು 21. ಮೊದಲನೆಯ ಭಿನ್ನರಾಶಿ ಒಂದಕ್ಕೆ ಸ್ವಲ್ಪವೇ ಕಡಮೆ, ಎರಡನೆಯದೂ ಹಾಗೆಯೇ; ಮೊತ್ತ ಎರಡರ ಸಮೀಪದಲ್ಲಿರಲೇಬೇಕು. ಎರಡು ಎಂದವರು ನೂರಕ್ಕೆ 24 ಮಂದಿ ಮಾತ್ರ. ಅಂಶಗಳನ್ನು ಕೂಡಿ 19 ಎಂದವರು 28 ಮಂದಿ. ಛೇದಗಳನ್ನು ಕೂಡಿ 21 ಎಂದವರು 27 ಮಂದಿ. ಒಂದಕ್ಕಿಂತ ಚಿಕ್ಕದಾದ ಎರಡು ರಾಶಿಗಳು ಸೇರಿ ಹತ್ತೊಂಬತ್ತಾಗುವುದು ಹೇಗೆಂಬ ಪ್ರಶ್ನೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹೊಳೆಯಲೇ ಇಲ್ಲ. ಆ ಮಕ್ಕಳಿಗೆ ಕೂಡುವುದು ಬರುತ್ತಿರಲಿಲ್ಲವೆಂದು ಹೇಳುವಂತಿಲ್ಲ. ಅವರು ಕೂಡಿಯೇ ಇದ್ದರು. ಸಂಖ್ಯೆಯ ಗಾತ್ರವನ್ನು ನೋಡುವ ಅಭ್ಯಾಸವಷ್ಟೇ ಅವರಿಗೆ ಇರಲಿಲ್ಲ.

ಈಗ ಕ್ರಮವನ್ನು ನೋಡೋಣ. 387, 214, 568, 129 ಇವುಗಳನ್ನು ಕೂಡಬೇಕಾಗಿದೆ. 387 ಎಂಬುದು 300ಕ್ಕೂ 400ಕ್ಕೂ ನಡುವೆ ಇದ್ದು 400ಕ್ಕೆ ಹತ್ತಿರವಾಗಿದೆ. 214 ಎಂಬುದು 200ಕ್ಕೆ, 568 ಎಂಬುದು 600ಕ್ಕೆ, 129 ಎಂಬುದು 100ಕ್ಕೆ ಹತ್ತಿರ. ನಾಲ್ಕು, ಎರಡು, ಆರು, ಒಂದು ಸೇರಿ ಹದಿಮೂರು. ಮೊತ್ತ ಸುಮಾರು 1300. ನಿಜವಾದ ಮೊತ್ತ 1298. ಇಲ್ಲಿ ಮೇಲಕ್ಕೆ ಸರಿದುದೂ ಕೆಳಕ್ಕೆ ಇಳಿದುದೂ ಒಂದನ್ನೊಂದು ಸರಿದೂಗಿಸಿಕೊಂಡುವು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಂತಹ ಅನುಕೂಲವಾದ ಉದಾಹರಣೆಗಳನ್ನೇ ಆರಿಸಿ ಕೊಡುತ್ತವೆ. ಕ್ರಮದ ಸ್ವರೂಪ ತಿಳಿಯಬೇಕಾದರೆ ಅನನುಕೂಲವಾದುದೊಂದನ್ನು ತೆಗೆದುಕೊಳ್ಳಬೇಕು. 149, 249, 349, 449 ಇವುಗಳನ್ನು ನಿಯಮದಂತೆ ಹತ್ತಿರದ ನೂರಕ್ಕೆ ತಂದರೆ 100, 200, 300, 400 ಆಗಿ ಮೊತ್ತ 1000 ಬರುತ್ತದೆ. ನಿಜವಾದ ಮೊತ್ತವಾದರೋ 1196. ನಿಯಮವನ್ನು ಎಲ್ಲಿಯೂ ಮೀರಲಿಲ್ಲ. ಆದರೂ ಸುಮಾರು ಇನ್ನೂರು ಮಾಯವಾಯಿತು. ಪ್ರತಿಯೊಂದು ಸಂಖ್ಯೆಯೂ ಒಂದೇ ದಿಕ್ಕಿಗೆ ಐವತ್ತರಷ್ಟು ಜಾರಿದುದೇ ಇದಕ್ಕೆ ಕಾರಣ. ಹತ್ತಿರದ ನೂರಕ್ಕೆ ತರುವಾಗ ಒಂದು ಸಂಖ್ಯೆಯಲ್ಲಿ ಹೆಚ್ಚೆಂದರೆ 50ರ ವ್ಯತ್ಯಾಸ ಬರುತ್ತದೆ; ನಾಲ್ಕು ಸಂಖ್ಯೆಗಳಲ್ಲಿ ಹೆಚ್ಚೆಂದರೆ 200; ಹತ್ತು ಸಂಖ್ಯೆಗಳಲ್ಲಿ 500. ಚುರುಕಾದ ಮಗು ಸಂಖ್ಯೆಗಳನ್ನು ಒಮ್ಮೆ ನೋಡಿ, ‘ಎಲ್ಲವೂ ಐವತ್ತರ ಬಳಿಯಲ್ಲಿ ನಿಂತಿವೆ, ಸಾವಿರಕ್ಕೆ ನಾಲ್ಕು ಐವತ್ತು ಸೇರಿಸಬೇಕು’ ಎಂದು 1200 ಹೇಳುತ್ತದೆ. ಇದೇ ಉತ್ತಮವಾದ ಅಂದಾಜು.

ದುರದೃಷ್ಟವಶಾತ್ ಇಂತಹ ಮಗುವಿಗೆ ಪರೀಕ್ಷೆಯಲ್ಲಿ ಅಂಕ ದೊರೆಯದೆ ಹೋಗುವ ಸಂಭವವೇ ಹೆಚ್ಚು. ‘ಹತ್ತಿರದ ನೂರಕ್ಕೆ ಸರಿಹೊಂದಿಸಿ ಕೂಡಿರಿ’ ಎಂಬ ಪ್ರಶ್ನೆಗೆ ಉತ್ತರಪಟ್ಟಿಯಲ್ಲಿರುವುದು 1000. ಸತ್ಯಕ್ಕೆ ನಾಲ್ಕೇ ಅಂಕೆಗಳಷ್ಟು ದೂರದಲ್ಲಿರುವ 1200 ತಪ್ಪು, 196ರಷ್ಟು ದೂರದಲ್ಲಿರುವ 1000 ಸರಿ. ಅಂದಾಜಿಗೆ ಒಂದೇ ಸರಿಯುತ್ತರವಿರಬೇಕೆಂದು ನಿರ್ಬಂಧಿಸಿದೊಡನೆ ಅದು ಅಂದಾಜಾಗಿ ಉಳಿಯದೆ ಮತ್ತೊಂದು ಯಾಂತ್ರಿಕ ಲೆಕ್ಕವಾಗುತ್ತದೆ. ಮಕ್ಕಳೂ ಇದಕ್ಕೆ ಪ್ರತಿತಂತ್ರವನ್ನು ಕಂಡುಕೊಂಡಿದ್ದಾರೆ: ಮೊದಲು ಮೂಲೆಯಲ್ಲೆಲ್ಲೋ ಖಚಿತವಾಗಿ ಕೂಡಿ, ಬಂದ ಮೊತ್ತದ ಕೊನೆಯ ಅಂಕೆಗಳನ್ನು ಸೊನ್ನೆ ಮಾಡಿ, ಅದನ್ನೇ ಅಂದಾಜೆಂದು ಬರೆಯುತ್ತಾರೆ. ಅವರನ್ನು ದೂರುವಂತಿಲ್ಲ. ಖಚಿತವಾದ ಉತ್ತರ ಕೈಗೆಟಕುವಷ್ಟು ಹತ್ತಿರದಲ್ಲಿರುವಾಗ ಅಂದಾಜು ಮಾಡೆಂದು ಹೇಳುವುದು ಮಗುವಿಗೆ ಅರ್ಥವಿಲ್ಲದ ಶಿಸ್ತಾಗಿ ತೋರುವುದು ಸಹಜ.

ಈ ತೊಡಕಿನ ಪರಿಹಾರಕ್ಕೆ ಇತಿಹಾಸಕಾರನ ಕಸಬಿನಿಂದಲೇ ಒಂದು ಉಪಾಯವನ್ನು ಎರವಲು ಕೊಡಬಹುದು. ಶಾಸನದ ಕಲ್ಲು ಚಕ್ಕೆಯೆದ್ದು ಅಂಕೆಗಳು ಅಳಿಸಿಹೋಗಿರುವುದು ನಮಗೆ ನಿತ್ಯದ ಅನುಭವ. ಅದರಂತೆ ಕಪ್ಪುಹಲಗೆಯ ಮೇಲೆ ಎರಡು ಸಂಖ್ಯೆಗಳನ್ನು ಬರೆದು, ಹತ್ತರ ಮತ್ತು ಬಿಡಿಯ ಸ್ಥಾನಗಳನ್ನು ಒರಸಿಬಿಡಬೇಕು. ಉಳಿದಿರುವುದು ಮುನ್ನೂರ ಚಿಲ್ಲರೆ ಮತ್ತು ಐನೂರ ಚಿಲ್ಲರೆ. ಮೊತ್ತ ಎಷ್ಟಿರಬಹುದು? ಖಚಿತವಾಗಿ ಕೂಡುವ ದಾರಿ ಈಗ ಮುಚ್ಚಿದೆ. ಆದರೂ ಮಗು ಏನೂ ತಿಳಿಯದೆಂದು ಕೈಚೆಲ್ಲಬೇಕಾಗಿಲ್ಲ: ಮೊತ್ತ 800ಕ್ಕೆ ಕಡಮೆಯಿರಲಾರದು, 998ಕ್ಕೆ ಮೀರಲಾರದು. ‘ಇದಕ್ಕೆ ಕಡಮೆಯಲ್ಲ, ಇದಕ್ಕೆ ಹೆಚ್ಚಲ್ಲ’ ಎಂಬ ಎರಡು ಗಡಿಗಳನ್ನು ಹಾಕಿಕೊಳ್ಳುವುದೇ ಸ್ಥೂಲಗಣನೆಯ ಮೊದಲ ಪಾಠವಾಗಬೇಕು. ಐದಕ್ಕೆ ಮೇಲಾದರೆ ಏರಿಸು, ಕೆಳಗಾದರೆ ಇಳಿಸು ಎಂಬ ನಿಯಮ ಆ ಬಳಿಕ ಬರಲಿ. ಗಡಿಗಳ ನಡುವೆ ಸಂಖ್ಯೆ ಎಲ್ಲಿ ನಿಂತಿದೆಯೆಂಬುದನ್ನು ನೆಲದ ಮೇಲೆ ಗೆರೆಯೆಳೆದು ತೋರಿಸಿದರೆ ನಿಯಮವನ್ನು ಬಾಯಿಪಾಠ ಮಾಡಿಸುವ ಅವಶ್ಯಕತೆಯೂ ಬಹುಮಟ್ಟಿಗೆ ತಪ್ಪುತ್ತದೆ.

ಅಂದಾಜಿನಲ್ಲಿ ನಿಪುಣರಾದವರು ಏನು ಮಾಡುತ್ತಾರೆಂಬುದನ್ನು ಅಮೆರಿಕದ ರಾಬರ್ಟ್ ರೇಸ್ ಮತ್ತು ಅವರ ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪರಿಶೀಲಿಸಿದ್ದಾರೆ. ಅವರು ಗುರುತಿಸಿದ ವ್ಯಾಪಾರಗಳು ಮೂರು. ಸಂಖ್ಯೆಗಳನ್ನೇ ಸುಲಭವಾದ ಸಂಖ್ಯೆಗಳಾಗಿ ಬದಲಾಯಿಸಿಕೊಳ್ಳುವುದು ಒಂದು; ಲೆಕ್ಕದ ರೂಪವನ್ನೇ ಬದಲಾಯಿಸಿಕೊಳ್ಳುವುದು ಇನ್ನೊಂದು; ಆದ ಹೆಚ್ಚುಕಡಮೆಯನ್ನು ಕೊನೆಯಲ್ಲಿಯೋ ನಡುವೆಯೋ ತಿದ್ದಿಕೊಳ್ಳುವುದು ಮತ್ತೊಂದು. ನಾವು ಶಾಲೆಗಳಲ್ಲಿ ಕಲಿಸುತ್ತಿರುವುದು ಮೊದಲನೆಯದನ್ನು ಮಾತ್ರ. ಎರಡನೆಯದಕ್ಕೆ ಉದಾಹರಣೆಯಾಗಿ 73, 81, 78, 84 ಇವುಗಳನ್ನು ನೋಡಬಹುದು. ಎಲ್ಲವೂ ಎಂಬತ್ತರ ಸುತ್ತಮುತ್ತ ಇವೆ, ನಾಲ್ಕೆಂಬತ್ತಲೆ 320. ನಿಜವಾದ ಮೊತ್ತ 316. ಕೂಡುವ ಲೆಕ್ಕ ಇಲ್ಲಿ ಗುಣಿಸುವ ಲೆಕ್ಕವಾಯಿತು.

ಸರಿಹೊಂದಿಸುವಿಕೆಯ ಗುಣದೋಷಗಳನ್ನು ಇಡೀ ದೇಶವೇ ಪೇಟೆಯಲ್ಲಿ ಕಂಡ ಸಂದರ್ಭವೊಂದು ನಮ್ಮ ಇತಿಹಾಸದಲ್ಲಿಯೇ ಇದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. 1955ರಲ್ಲಿ ನಾಣ್ಯ ಕಾಯಿದೆಗೆ ತಿದ್ದುಪಡಿಯಾಗಿ, 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಹದಿನಾರಾಣೆಯ ರೂಪಾಯಿ ನೂರು ನಯೇ ಪೈಸೆಯ ರೂಪಾಯಿಯಾಯಿತು. ಒಂದಾಣೆಗೆ ಸಲ್ಲಬೇಕಾದುದು ಆರೂಕಾಲು ನಯೇ ಪೈಸೆ. ಕಾಲು ನಯೇ ಪೈಸೆಯ ನಾಣ್ಯವಿಲ್ಲ. ಆದಕಾರಣ ಹತ್ತಿರದ ಪೈಸೆಗೆ ಸರಿಹೊಂದಿಸಬೇಕಾಯಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆಗಳು ಮಾತ್ರ ಚಿಲ್ಲರೆಯಿಲ್ಲದೆ ಹೊಂದಿಕೊಂಡುವು. ಹಳೆಯ ಕಾಸುಗಳೂ ಹೊಸವೂ ಕೆಲಕಾಲ ಒಟ್ಟಿಗೆ ಚಲಾವಣೆಯಲ್ಲಿದ್ದ ಕಾರಣ ಈ ಪರಿವರ್ತನೆ ದಿನಬೆಳಗಾದರೆ ಎಲ್ಲರಿಗೂ ಎದುರಾಗತಕ್ಕದ್ದಾಗಿತ್ತು.

ಇಲ್ಲಿ ಮಕ್ಕಳಿಗೆ ತೋರಿಸಬೇಕಾದ ಅಂಶಗಳು ಎರಡು. ಒಂದೊಂದಾಣೆಯ ಹದಿನಾರು ಸಾಮಾನುಗಳನ್ನು ಬೇರೆ ಬೇರೆಯಾಗಿ ಕೊಂಡು ಪ್ರತಿಯೊಂದಕ್ಕೂ 6 ಪೈಸೆಯಂತೆ ತೆತ್ತರೆ ಆಗುವುದು 96 ಪೈಸೆ. ಒಟ್ಟಿಗೆ ಕೊಂಡು ಹದಿನಾರಾಣೆ ತೆತ್ತರೆ 100. ಅಂಗಡಿಯವನಿಗೆ ನಾಲ್ಕು ಪೈಸೆ ನಷ್ಟ. ಮೂರು ಮೂರಾಣೆಯ ನಾಲ್ಕು ಸಾಮಾನುಗಳನ್ನು ಬೇರೆ ಬೇರೆ ಕೊಂಡರೆ 76, ಒಟ್ಟಿಗೆ ಕೊಂಡರೆ 75. ಇಲ್ಲಿ ನಷ್ಟ ಕೊಳ್ಳುವವನಿಗೆ. ಮೊದಲು ಸರಿಹೊಂದಿಸಿ ಆಮೇಲೆ ಕೂಡುವುದಕ್ಕೂ, ಮೊದಲು ಕೂಡಿ ಆಮೇಲೆ ಸರಿಹೊಂದಿಸುವುದಕ್ಕೂ ಇರುವ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತ ನನಗೆ ತಿಳಿಯದು. ಎರಡನೆಯ ಅಂಶ ಇನ್ನೂ ಸ್ವಾರಸ್ಯವಾದುದು. ಎರಡಾಣೆಯ ನಿಜವಾದ ಬೆಲೆ ಹನ್ನೆರಡೂವರೆ ಪೈಸೆ. ಹನ್ನೆರಡಕ್ಕೂ ಹದಿಮೂರಕ್ಕೂ ಸಮದೂರ. ನಮ್ಮ ಶಾಲೆಗಳ ನಿಯಮದಂತೆ ಅರ್ಧವು ಮೇಲಕ್ಕೆ ಹೋಗಬೇಕು. ಕಾಯಿದೆಯಾದರೋ ಸಮದೂರವಿದ್ದಾಗ ಕೆಳಗಿನ ನಾಣ್ಯಕ್ಕೇ ಇಳಿಸತಕ್ಕದ್ದೆಂದು ವಿಧಿಸಿತು. ಎರಡರಲ್ಲಿ ಯಾವುದು ಸರಿ? ಎರಡೂ ಸರಿಯೇ. ಅರ್ಧವನ್ನು ಏರಿಸುವುದು ಒಂದು ಒಡಂಬಡಿಕೆಯೇ ಹೊರತು ಗಣಿತದ ಸತ್ಯವಲ್ಲ. ಅದನ್ನು ಸತ್ಯವೆಂಬಂತೆ ಬೋಧಿಸುವುದರಿಂದ ಮಕ್ಕಳ ಬುದ್ಧಿಗೆ ಮಂಕು ಕವಿಯುತ್ತದೆ. 1964ರಲ್ಲಿ ‘ನಯೇ’ ಎಂಬ ವಿಶೇಷಣ ಬಿದ್ದುಹೋಯಿತು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕೆ ಕೆಳಗಿನ ನಾಣ್ಯಗಳೂ ಚಲಾವಣೆಯಿಂದ ಹೋದುವು. ಇಂದಿನ ಮಕ್ಕಳಿಗೆ ಪೈಸೆಯೆಂಬುದು ಹೆಚ್ಚಾಗಿ ರಸೀದಿಯ ಬಿಂದುವಿನಾಚೆಗೆ ಕಾಣುವ ಎರಡು ಅಂಕೆ.

ನಮ್ಮ ಆಡುಮಾತಿನಲ್ಲಿ ಸ್ಥೂಲಗಣನೆ ಮೊದಲಿನಿಂದಲೂ ಇದ್ದೇ ಇದೆ. ನಾಲ್ಕೈದು ಮಂದಿ, ಏಳೆಂಟು ದಿನ, ಹತ್ತು ಹನ್ನೆರಡು ಮನೆ, ಹದಿನೈದಿಪ್ಪತ್ತು ಮೈಲಿ, ಐವತ್ತರವತ್ತು ವರ್ಷ, ಇನ್ನೂರು ಮುನ್ನೂರು ರೂಪಾಯಿ ಎಂದು ನಾವು ಹೇಳುತ್ತೇವೆ. ಈ ಜೋಡಿಗಳನ್ನು ಸ್ವಲ್ಪ ಗಮನಿಸಬೇಕು. ನಾಲ್ಕಕ್ಕೂ ಐದಕ್ಕೂ ಅಂತರ ಒಂದು. ಹತ್ತಕ್ಕೂ ಹನ್ನೆರಡಕ್ಕೂ ಎರಡು. ಹದಿನೈದಕ್ಕೂ ಇಪ್ಪತ್ತಕ್ಕೂ ಐದು. ಐವತ್ತಕ್ಕೂ ಅರವತ್ತಕ್ಕೂ ಹತ್ತು. ಇನ್ನೂರಕ್ಕೂ ಮುನ್ನೂರಕ್ಕೂ ನೂರು. ಸಂಖ್ಯೆ ದೊಡ್ಡದಾದಂತೆ ಸಡಿಲವೂ ದೊಡ್ಡದಾಗುತ್ತದೆ. ‘ಐವತ್ತು ಐವತ್ತೊಂದು ಮಂದಿ ಬಂದಿದ್ದರು’ ಎಂದು ಅಂದಾಜಾಗಿ ಹೇಳುವವರಿಲ್ಲ. ವ್ಯತ್ಯಾಸವನ್ನು ಅಳೆಯಬೇಕಾದುದು ಮೊತ್ತದ ಗಾತ್ರಕ್ಕೆ ಹೋಲಿಸಿ ಎಂಬ ತತ್ತ್ವ, ಮಗು ಶಾಲೆಗೆ ಬರುವ ಮುನ್ನವೇ ಅದರ ನಾಲಗೆಯ ಮೇಲಿರುತ್ತದೆ. ಉಪಾಧ್ಯಾಯರು ಪಾಠವನ್ನು ಇಲ್ಲಿಂದ ಮೊದಲುಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಅಂದಾಜನ್ನು ಕೀಳೆಂದು ಎಣಿಸುವ ಮನೋಭಾವ ನಮ್ಮ ಗಣಿತಜ್ಞರಲ್ಲಿಯೂ ಇರಲಿಲ್ಲ. ಆರ್ಯಭಟನು 20,000 ವ್ಯಾಸದ ವೃತ್ತಕ್ಕೆ 62,832 ಪರಿಧಿಯೆಂದು ಹೇಳುವಾಗ ಅದನ್ನು ‘ಆಸನ್ನ’, ಅಂದರೆ ಸಮೀಪದ್ದು, ಎಂದು ತಾನೇ ಸೂಚಿಸಿದ್ದಾನೆ. ಅವನ ಜ್ಯಾಕೋಷ್ಟಕದಲ್ಲಿ ತ್ರಿಜ್ಯವು 3438. ಲೆಕ್ಕದಿಂದ ಬರುವುದು 3437ರ ಮೇಲೆ ಮುಕ್ಕಾಲಿನಷ್ಟು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಕ್ಷೇತ್ರಗಣಿತ ಭಾಗದಲ್ಲಿ ‘ವ್ಯಾವಹಾರಿಕ’ ಮತ್ತು ‘ಸೂಕ್ಷ್ಮ’ ಎಂದು ಎರಡು ಬಗೆಯ ಫಲಗಳನ್ನು ಹೇಳುತ್ತಾನೆ. ವ್ಯವಹಾರಕ್ಕಾದರೆ ಪರಿಧಿಯು ವ್ಯಾಸದ ಮೂರರಷ್ಟು. ಸೂಕ್ಷ್ಮಕ್ಕಾದರೆ ಹತ್ತರ ವರ್ಗಮೂಲದಷ್ಟು. ಎರಡನ್ನೂ ಹೇಳಿದುದರಲ್ಲಿಯೇ ಅವನ ವಿವೇಕವಿದೆ. ಯಾವ ಕೆಲಸಕ್ಕೆ ಎಷ್ಟು ನಿಖರತೆ ಸಾಕೆಂಬುದು ಕೆಲಸವನ್ನು ಅವಲಂಬಿಸಿದೆ.

ಕಾಲೇಜಿನ ತರಗತಿಯಲ್ಲಿ ಇದರ ಉಪಯೋಗವೇನೆಂಬುದಕ್ಕೆ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. 1520ರ ರಾಯಚೂರು ಯುದ್ಧಕ್ಕೆ ಹೊರಟ ಕೃಷ್ಣದೇವರಾಯನ ಸೈನ್ಯದ ಬಗೆಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೊಡುವ ವಿವರಗಳನ್ನು ಕೂಡಿದರೆ 7,03,000 ಕಾಲಾಳು, 32,600 ಕುದುರೆ, 551 ಆನೆಗಳಾಗುತ್ತವೆ. ಇದನ್ನು ಬಾಯಿಪಾಠ ಮಾಡುವ ಬದಲು ವಿದ್ಯಾರ್ಥಿಗಳು ಸರಿಹೊಂದಿಸಲಿ. ಕಾಲಾಳು 7 ಲಕ್ಷ, ಕುದುರೆ 30 ಸಾವಿರ; ಲಕ್ಷಗಳಲ್ಲಿ ಎಣಿಸುವಾಗ 551 ಆನೆಗಳು ಲೆಕ್ಕದಿಂದ ಜಾರಿಹೋಗುತ್ತವೆ (ಯುದ್ಧದಿಂದಲ್ಲ). ಆಳಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯವೆಂದು ಇಟ್ಟುಕೊಂಡರೆ ಮೂರೂವರೆ ಲಕ್ಷ ಕಿಲೋ, ಅಂದರೆ 3500 ಕ್ವಿಂಟಾಲ್. ಕುದುರೆಗೆ ಮೂರು ಕಿಲೋ ಹುರುಳಿಯಂತೆ ಇನ್ನೊಂದು 900 ಕ್ವಿಂಟಾಲ್. ಹೇರಿನ ಎತ್ತೊಂದು ಒಂದು ಕ್ವಿಂಟಾಲ್ ಹೊತ್ತೀತೆಂದು ಭಾವಿಸಿದರೆ ದಿನವೊಂದಕ್ಕೆ ಸುಮಾರು 4400 ಎತ್ತುಗಳ ಹೊರೆ. ಹತ್ತು ದಿನಗಳ ದಾಸ್ತಾನಿಗೆ 44,000 ಎತ್ತುಗಳು. ಆ ಎತ್ತುಗಳಿಗೂ ಮೇವು ನೀರು ಬೇಕು.

ಈ ಅಂಕಿಗಳಲ್ಲಿ ಒಂದೂ ಖಚಿತವಲ್ಲ. ಅರ್ಧ ಕಿಲೋ ಎಂಬುದು ಮುಕ್ಕಾಲಾಗಬಹುದು, ಎತ್ತಿನ ಹೊರೆ ಒಂದೂಕಾಲಾಗಬಹುದು. ಆದರೆ ಇಷ್ಟು ಮಾಡಿದ ವಿದ್ಯಾರ್ಥಿ ನೂನಿಜನು ಸುಳ್ಳುಗಾರನೋ ಸತ್ಯವಂತನೋ ಎಂಬ ಬರಡು ಪ್ರಶ್ನೆಯನ್ನು ಬಿಟ್ಟು, ಇಷ್ಟು ಧಾನ್ಯವನ್ನು ತಂದವರು ಯಾರು, ಯಾವ ದಾರಿಯಿಂದ, ಯಾವ ತಿಂಗಳಿನಲ್ಲಿ ಎಂದು ಕೇಳಲಾರಂಭಿಸುತ್ತಾನೆ. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದ ಬಣಜಾರರ ಎತ್ತಿನ ಸಾಲುಗಳತ್ತ ಅವನ ಗಮನ ಹರಿಯುತ್ತದೆ. ಹಾಗೆಯೇ ಗಂಗವಾಡಿ 96,000, ನೊಳಂಬವಾಡಿ 32,000, ಬನವಾಸಿ 12,000 ಎಂಬ ನಾಡುಗಳ ಹೆಸರುಗಳೂ ಅವನಿಗೆ ಬೇರೆಯಾಗಿ ಕಾಣುತ್ತವೆ. ಇವು ಗ್ರಾಮಗಳ ಸಂಖ್ಯೆಯೋ, ಕಂದಾಯದ ಮೊತ್ತವೋ, ರೂಢಿಯಿಂದ ನಿಂತುಹೋದ ಅಂಕಿಗಳೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ತೊಂಬತ್ತಾರು ಸಾವಿರವು ಗ್ರಾಮಗಳೇ ಆಗಿದ್ದರೆ, ಗ್ರಾಮವೊಂದಕ್ಕೆ ನೂರು ಜನರಂತೆ ಎಣಿಸಿದರೂ ಗಂಗವಾಡಿಯಲ್ಲಿ ಸುಮಾರು ಒಂದು ಕೋಟಿ ಜನರಿರಬೇಕಾಗುತ್ತದೆ. 1871ರ ಗಣತಿಯಲ್ಲಿ ಇಡೀ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ.