ಗಂಜಿಯ ಬಟ್ಟಲು, ಗದ್ದೆಯ ನೀರು

ಮಂಗಳೂರಿನ ತೆಂಕಣ ಅಂಚಿನಲ್ಲಿ, ನೇತ್ರಾವತಿಯು ಕಡಲನ್ನು ಸೇರುವ ಮುನ್ನ ವಿಶಾಲವಾಗಿ ಮೈಚಾಚಿಕೊಳ್ಳುವೆಡೆಯಲ್ಲಿ ಜೆಪ್ಪು ಇದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು ಇಲ್ಲಿಯೇ. ಆದರೆ ಈ ಸಲ ನಾನು ಜೆಪ್ಪುವಿಗೆ ಹೋದದ್ದು ಹಂಚನ್ನು ನೋಡುವುದಕ್ಕಲ್ಲ. ಹಂಚಿನ ಮಾಡಿನ ಕೆಳಗೆ ಕುಳಿತು ಗಂಜಿ ಉಣ್ಣುವುದಕ್ಕೆ.

ಆಟಿ ತಿಂಗಳು. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಪರಿಚಿತರ ಮನೆಯ ಅಜ್ಜಿ ಕುಚ್ಚಲಕ್ಕಿಯ ಗಂಜಿ, ಹುರುಳಿ ಚಟ್ನಿ, ಹಲಸಿನ ಬೀಜ ಬೆರೆಸಿದ ತಜಂಕ್ ಸೊಪ್ಪಿನ ಪಲ್ಯ ಬಡಿಸಿದರು. ಶಾಲೆಗೆ ರಜೆಯಿದ್ದ ಮೊಮ್ಮಗ ಮುಖ ಸಿಂಡರಿಸಿದ: “ಇವತ್ತೂ ಗಂಜಿಯೇ ಅಜ್ಜಿ?”

“ಉಣ್ಣು ಮಗಾ. ಗಂಜಿ ಬೇಡವೆಂದವರಿಗೆ ಗದ್ದೆಯೂ ಬೇಡವಾಯಿತು. ಈಗ ಬೇಸಗೆಯಲ್ಲಿ ಬಾವಿ ಬಗ್ಗಿ ನೋಡಿ ಅಳುತ್ತಾರೆ” ಎಂದರು ಅಜ್ಜಿ.

ಗಂಜಿಗೂ ಬಾವಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು.

ಮೊದಲು ಗಂಜಿಯ ಗುಣವನ್ನೇ ನೋಡೋಣ. ಭತ್ತವನ್ನು ಸಿಪ್ಪೆಯೊಡನೆಯೇ ಬೇಯಿಸಿ, ಒಣಗಿಸಿ, ಅನಂತರ ಅಕ್ಕಿ ಮಾಡುವುದು ಕುಚ್ಚಲಕ್ಕಿಯ ಕ್ರಮ. ಹೀಗೆ ಬೇಯುವಾಗ ತೌಡಿನಲ್ಲಿರುವ ಬಿ ಜೀವಸತ್ವವು ಕಾಳಿನೊಳಗೆ ಇಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್ಮನ್, ಪಾಲಿಶ್ ಮಾಡಿದ ಬಿಳಿಯ ಅಕ್ಕಿಯನ್ನೇ ತಿಂದ ಕೋಳಿಗಳಿಗೆ ಬೆರಿಬೆರಿಯಂಥ ರೋಗ ತಗಲುವುದನ್ನು ಕಂಡರು. ಆ ಶೋಧನೆಯ ದಾರಿಯಲ್ಲೇ 1929ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಜೀವಸತ್ವದ ಹೆಸರನ್ನೇ ಕೇಳದ ತುಳುನಾಡಿನ ಗೃಹಿಣಿಯರು ಈ ಲಾಭವನ್ನು ತಮ್ಮ ಒಲೆಯ ಮೇಲೆಯೇ ಪಡೆದಿದ್ದರು.

ಇನ್ನು ಗದ್ದೆಯ ಮಾತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಾಡು ನಮ್ಮದು. ಆದರೆ ಇಳಿಜಾರಿನ ನೆಲವಾದ್ದರಿಂದ ನೀರು ಬಂದ ವೇಗದಲ್ಲೇ ಕಡಲಿಗೆ ಓಡುತ್ತದೆ. ಬೆಟ್ಟು, ಮಜಲು, ಬೈಲು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳು, ತಮ್ಮ ಹುಣಿಗಳ ನಡುವೆ ಆ ನೀರನ್ನು ತಿಂಗಳುಗಟ್ಟಲೆ ಹಿಡಿದು ನಿಲ್ಲಿಸಿ, ನಿಧಾನವಾಗಿ ನೆಲಕ್ಕೆ ಇಂಗಿಸುತ್ತಿದ್ದವು. ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಕಾಲವದು. ಇಂದು ಎಷ್ಟೋ ಗದ್ದೆಗಳು ಅಡಕೆ ತೋಟಗಳಾಗಿವೆ. ಊರ ಬದಿಯವು ಮಣ್ಣು ತುಂಬಿಸಿಕೊಂಡು ಮನೆ ನಿವೇಶನಗಳಾಗಿವೆ. ಉಳಿದವು ಹಡಿಲು ಬಿದ್ದಿವೆ. ಬೇಸಾಯಗಾರನನ್ನು ದೂಷಿಸಿ ಫಲವಿಲ್ಲ. ಆಳಿನ ಕೂಲಿ ಕೊಟ್ಟು, ಮಿಕ್ಕ ಭತ್ತಕ್ಕೆ ಬೆಲೆಯಿಲ್ಲದಾಗ ಅವನಾದರೂ ಏನು ಮಾಡಿಯಾನು?

2019ರ ಬೇಸಗೆಯನ್ನು ಮಂಗಳೂರಿಗರು ಮರೆತಿರಲಾರರು. ನಗರಕ್ಕೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿ ಸೊರಗಿ, ಮನೆಮನೆಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಗದ್ದೆ ಅಳಿದದ್ದೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೆ ನೀರು ಹಿಡಿದಿಡುವ ಸಾವಿರ ಸಣ್ಣ ಪಾತ್ರೆಗಳನ್ನು ಒಡೆದುಕೊಂಡು, ದೊಡ್ಡ ಪಾತ್ರೆಯೊಂದೇ ಸಾಕೆಂದು ನಂಬುವುದು ಜಾಣತನವಲ್ಲ.

ಭರವಸೆಯ ಕುರುಹುಗಳೂ ಇವೆ. ಕಾಸರಗೋಡು ಜಿಲ್ಲೆಯ ಕೃಷಿಕ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಸಂರಕ್ಷಿಸಿದ್ದಾರೆ. ರಾಜಕಯಮೆ ತಳಿಯನ್ನು ಹಲವೆಡೆ ಪರಿಚಯಿಸಿದವರೂ ಅವರೇ. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆದರೆ ಬೀಜವನ್ನು ಒಬ್ಬರು ಉಳಿಸಿದರೂ, ಬೆಳೆಯನ್ನು ಉಳಿಸಬೇಕಾದವರು ಉಣ್ಣುವ ನಾವು. ಪೇಟೆಯಲ್ಲಿ ಅಕ್ಕಿ ಕೊಳ್ಳುವಾಗ ಬೆಲೆಯೊಂದಿಗೆ “ಇದು ಯಾವ ಊರಿನ ಗದ್ದೆಯದು?” ಎಂದು ಕೇಳುವ ಗೃಹಿಣಿ, ನೇತ್ರಾವತಿಯ ಮೇಲಣ ಬೈಲಿನ ಒಬ್ಬ ರೈತನಿಗೆ ಧೈರ್ಯ ಕೊಟ್ಟಂತೆ. ಆಟಿಯಲ್ಲಿ ಪತ್ರೊಡೆ, ಕಣಿಲೆ, ಹಲಸಿನ ಬೀಜ. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ, ಮೀನು ತಿನ್ನುವವರಿಗೆ ಬೇಸಗೆಯಲ್ಲಿ ಒಣಗಿಸಿಟ್ಟ ಮೀನು—ಹೀಗೆ ಋತುವಿಗೆ ತಕ್ಕಂತೆ ಉಣ್ಣುವುದು ನೆಲಕ್ಕೂ ಕಡಲಿಗೂ ಉಸಿರಾಡಲು ಬಿಡುವು ಕೊಡುವ ಹಿರಿಯರ ಲೆಕ್ಕಾಚಾರ.

ಹೊರಡುವಾಗ ಅಜ್ಜಿ ಅಟ್ಟದಿಂದ ಹಳೆಯ ಕಳಸೆಯನ್ನು ಇಳಿಸಿ ತೋರಿಸಿದರು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ; ಬೈಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿಗಳು ಒಂದು ಕಾಲಕ್ಕೆ ಈ ಅಟ್ಟದ ತುಂಬ ಇದ್ದವಂತೆ. ಈಗ ಕಳಸೆಯೊಳಗೆ ಮೊಮ್ಮಗನ ಕ್ರಿಕೆಟ್ ಚೆಂಡುಗಳಿದ್ದವು.

“ಇರಲಿ, ಮುಡಿ ಬಂದ ದಿನ ತೆಗೆದರಾಯಿತು” ಎಂದು ಅಜ್ಜಿ ಅದನ್ನು ಸೆರಗಿನಿಂದ ಒರೆಸಿ, ಮತ್ತೆ ಮೇಲಿಟ್ಟರು.