ಜೀವಾಮೃತ ಹಾಕಿದ್ರೆ ಮಣ್ಣಿನ ಸೀಸ ಹೋಗುತ್ತಾ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಸಾವಯವಕ್ಕೆ ಬರೋ ಯುವ ರೈತರು ಕೇಳೋ ಪ್ರಶ್ನೆ ಇದು. ಉತ್ತರ: ಹೋಗಲ್ಲ. ಸೀಸ, ಕ್ಯಾಡ್ಮಿಯಂ ಮೂಲಧಾತುಗಳು. ಕೀಟನಾಶಕವನ್ನು ಒಡೆಯೋ ಹಾಗೆ ಇವನ್ನು ಸೂಕ್ಷ್ಮಾಣುಗಳು ಒಡೆಯಲಾರವು.

ಪಕ್ಕದ ಬಿಡದಿ ಹತ್ತಿರದ ಬೈರಮಂಗಲ ಕೆರೆ ನೋಡಿ. ವೃಷಭಾವತಿ ನದಿ ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರನ್ನು ಅಲ್ಲಿಗೆ ತಂದು ತುಂಬಿಸಿದೆ. ಆ ನೀರು ಹಾಯಿಸಿದ ಹೊಲಗಳ ಮಣ್ಣಲ್ಲಿ, ತರಕಾರಿಯಲ್ಲಿ ಭಾರಲೋಹ ಇರೋದನ್ನು ಅಧ್ಯಯನಗಳು ತೋರಿಸಿವೆ.

ಮೊದಲು ಪರೀಕ್ಷೆ: ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸೀಸ, ಕ್ಯಾಡ್ಮಿಯಂ ಇಲ್ಲ. ನಿಮ್ಮ ಜಮೀನಿಗೆ ಕೊಳಚೆ ನೀರು ಹರಿದಿದ್ರೆ, ಕಾರ್ಖಾನೆ ಪಕ್ಕದಲ್ಲಿದ್ರೆ, 'ಭಾರಲೋಹ ಪರೀಕ್ಷೆ' ಎಲ್ಲಿ ಮಾಡಿಸಬೇಕು ಅಂತ ವಿ.ಸಿ. ಫಾರಂ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಕಟ್ಟಿಹಾಕೋದು: ಹುಳಿ ಮಣ್ಣಲ್ಲಿ ಕ್ಯಾಡ್ಮಿಯಂ ಬೇರಿಗೆ ಸುಲಭವಾಗಿ ಸಿಗುತ್ತೆ. ರಸಸಾರ 6.5ಕ್ಕಿಂತ ಕಡಿಮೆ ಇದ್ರೆ ಸುಣ್ಣ ಹಾಕಿ. ನಾಲೆ ಬಯಲಿನ ಚೌಳು ಮಣ್ಣಿಗೆ ಸುಣ್ಣ ಬೇಡ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಲೋಹವನ್ನು ಹಿಡಿದಿಡುತ್ತೆ, ಹೊರಹಾಕಲ್ಲ.

ಹೊರತೆಗೆಯೋದು: ಸಾಸಿವೆ, ಸೂರ್ಯಕಾಂತಿ ಲೋಹ ಹೀರುತ್ತವೆ, ಆದ್ರೆ ಹಲವು ವರ್ಷ ಬೇಕು. ಆ ಗಿಡ ಹಸುವಿಗೆ ಹಾಕಬೇಡಿ, ತಿಪ್ಪೆಗೂ ಬೇಡ, ಹೊಲದಲ್ಲಿ ಸುಡಲೂಬೇಡಿ. ವಿಲೇವಾರಿ ಹೇಗೆ ಅಂತ ಮೊದಲೇ ಕೇಳಿಕೊಳ್ಳಿ. ಅಲ್ಲಿವರೆಗೆ ಅಲ್ಲಿ ಸೊಪ್ಪು, ಮೂಲಂಗಿ ಬಿಟ್ಟು ಹೂವು ಬೆಳೆಯಿರಿ.

ಜಮೀನು ಚೆನ್ನಾಗಿದ್ರೂ ಒಂದು ಎಚ್ಚರ: ನಗರ ಕಸದ ಕಾಂಪೋಸ್ಟ್ ಲೋಡು ಇಳಿಸೋ ಮುಂಚೆ ಲ್ಯಾಬ್ ವರದಿ ಕೇಳಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರಬಾರದು. ವರದಿ ಇಲ್ಲ ಅಂದ್ರೆ ಲಾರಿ ವಾಪಸ್ ಕಳಿಸಿ.