ಒಂದು ಅಕ್ಷರ, ಎರಡು ನಂಬರ್: ಜಾರ್ಜಿಯಾದ ಬಟನ್‌ಗಳಲ್ಲಿ ಡಬ್ಬಿ ಯಾಕೆ ಬಂತು?

ಫೋನಲ್ಲಿ ಯಾವುದೋ ಮೆಸೇಜ್ ಓಪನ್ ಮಾಡ್ತೀರಿ, ಅಕ್ಷರ ಇರಬೇಕಾದ ಜಾಗದಲ್ಲಿ ಸಾಲಾಗಿ ಖಾಲಿ ಡಬ್ಬಿಗಳು. ನಿಮಗೂ ಹೀಗೆ ಆಗಿರುತ್ತೆ ಅಲ್ವಾ? ಇವತ್ತು ಆ ಡಬ್ಬಿಯ ಕಥೆಯನ್ನು ಜಾರ್ಜಿಯನ್ ಲಿಪಿಯ ಮೊದಲನೇ ಅಕ್ಷರದ ಮೂಲಕ ಹೇಳ್ತೀನಿ. ನಾನು ಹೇಳ್ತಿರೋದು ಅಮೆರಿಕದ ಜಾರ್ಜಿಯಾ ಅಲ್ಲ, ಟಿಬಿಲಿಸಿ ರಾಜಧಾನಿಯಾಗಿರುವ ಜಾರ್ಜಿಯಾ ದೇಶ.

ಅಲ್ಲಿನ ದಿನಬಳಕೆಯ ಲಿಪಿಯ ಹೆಸರು ಮ್ಖೆದ್ರುಲಿ. ಈಗ ಬಳಕೆಯಲ್ಲಿರೋದು 33 ಅಕ್ಷರ. ಮೊದಲನೆಯದು 'ಆನ್', ನಮ್ಮ ಅ ಇದ್ದ ಹಾಗೆ. ಆದರೆ ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಜಗತ್ತಿನ ಲಿಪಿಗಳಿಗೆಲ್ಲ ನಂಬರ್ ಕೊಡುವ ಪಟ್ಟಿಯೇ ಯೂನಿಕೋಡ್. ಅದರಲ್ಲಿ ನಮ್ಮ 'ಅ' ನಂಬರ್ 3205, ಜಾರ್ಜಿಯನ್ 'ಆನ್' ನಂಬರ್ 4304. ಫೈಲಲ್ಲಿ ಉಳಿಯೋದು ಈ ನಂಬರ್. ಅದನ್ನು ನೋಡಿ ಚಿತ್ರ ಬಿಡಿಸೋದು ಫಾಂಟ್‌ನ ಕೆಲಸ. ಫಾಂಟಲ್ಲಿ ಆ ನಂಬರಿಗೆ ಚಿತ್ರ ಇಲ್ಲದಿದ್ದರೆ ಬರೋದೇ ಡಬ್ಬಿ.

ಕನ್ನಡದಲ್ಲಿ ಕ್ಯಾಪಿಟಲ್ ಲೆಟರ್ ಇಲ್ಲ. ಜಾರ್ಜಿಯನ್ ಬರಹದಲ್ಲೂ ವಾಕ್ಯದ ಮೊದಲ ಅಕ್ಷರವನ್ನಾಗಲಿ, ಹೆಸರಿನ ಮೊದಲ ಅಕ್ಷರವನ್ನಾಗಲಿ ದೊಡ್ಡದು ಮಾಡಲ್ಲ. ಆದರೆ ಅವರಲ್ಲಿ ಇನ್ನೊಂದು ರೂಢಿ ಇದೆ. ತಲೆಬರಹ, ಬೋರ್ಡುಗಳಲ್ಲಿ ಇಡೀ ಪದವನ್ನೇ ಒಂದೇ ಎತ್ತರದ ಅಕ್ಷರಗಳಲ್ಲಿ ಬರೀತಾರೆ. ಆ ರೂಪಕ್ಕೆ ಮ್ತಾವ್ರುಲಿ ಅಂತಾರೆ. ಅದಕ್ಕೆ ಬಹಳ ಕಾಲ ಬೇರೆ ನಂಬರ್ ಇರಲಿಲ್ಲ. ಅದು ಬರೀ ಫಾಂಟ್‌ನ ಶೈಲಿ ಅನ್ನೋ ಲೆಕ್ಕ. ಹಾಗಾಗಿ ತಲೆಬರಹವನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಆ ರೂಪ ಉಳೀತಿರಲಿಲ್ಲ.

2018ರ ಜೂನ್‌ನಲ್ಲಿ ಯೂನಿಕೋಡ್ 11 ಬಂತು. ಹಳೆಯ ಅಕ್ಷರಗಳೂ ಸೇರಿ ಮ್ತಾವ್ರುಲಿಯ 46 ಅಕ್ಷರಗಳಿಗೆ ಹೊಸ ನಂಬರ್ ಸಿಕ್ಕಿತು. ದೊಡ್ಡ 'ಆನ್' 7312 ಆಯ್ತು. 4304ರ ದೊಡ್ಡ ರೂಪ 7312 ಅಂತ ಪಟ್ಟಿಯಲ್ಲೇ ಜೋಡಿ ಕಟ್ಟಿದರು. ಒಳ್ಳೇದೇ ಅಲ್ವಾ? ಸಮಸ್ಯೆ ಶುರುವಾಗಿದ್ದೂ ಇಲ್ಲಿಂದಲೇ.

ವೆಬ್‌ಸೈಟ್ ಮಾಡೋರು ಬಟನ್, ಮೆನುಗಳಿಗೆ "ಎಲ್ಲಾ ಕ್ಯಾಪಿಟಲ್ ಮಾಡು" ಅಂತ ಒಂದು ಸಾಲು ಬರೆದಿಡ್ತಾರೆ. ಇಂಗ್ಲಿಷ್ ಚೆನ್ನಾಗಿ ಕಾಣಲಿ ಅಂತ. ಕನ್ನಡದ ಮೇಲೆ ಆ ಸಾಲು ಏನೂ ಮಾಡಲ್ಲ. 2018ರವರೆಗೆ ಜಾರ್ಜಿಯನ್ ಮೇಲೂ ಏನೂ ಮಾಡ್ತಿರಲಿಲ್ಲ. ಆಮೇಲೆ ಬ್ರೌಸರ್ ಅಪ್‌ಡೇಟ್ ಆಯ್ತು, ಹೊಸ ಪಟ್ಟಿ ಬಂತು, ಬ್ರೌಸರ್ 4304 ಅನ್ನು 7312 ಮಾಡಿ ತೋರಿಸೋಕೆ ಹೋಯ್ತು. ಆದರೆ ಫೋನಿನ ಫಾಂಟ್ ಹಳೇದು, ಅದರಲ್ಲಿ 7312ಕ್ಕೆ ಚಿತ್ರವೇ ಇಲ್ಲ. ನಿನ್ನೆಯವರೆಗೆ ಸರಿಯಾಗಿದ್ದ ಬಟನ್ ಇವತ್ತು ಬರೀ ಡಬ್ಬಿ. ಸೈಟಲ್ಲಿ ಯಾರೂ ಒಂದಕ್ಷರ ಬದಲಾಯಿಸಿಲ್ಲ! "ಹಣ ಕಳಿಸು" ಯಾವುದು, "ರದ್ದು ಮಾಡು" ಯಾವುದು ಅಂತ ಗೊತ್ತಾಗದಿದ್ದರೆ ಏನು ಒತ್ತುತ್ತೀರಿ, ಯೋಚಿಸಿ.

ಯೂನಿಕೋಡ್ ಒಂದು ಅಪಾಯವನ್ನು ಮೊದಲೇ ತಪ್ಪಿಸಿತ್ತು. "ಮೊದಲ ಅಕ್ಷರ ಮಾತ್ರ ದೊಡ್ಡದು ಮಾಡು" ಅನ್ನೋ ಆಜ್ಞೆಗೆ ಪಟ್ಟಿಯಲ್ಲಿ ಬೇರೆ ಕಾಲಂ ಇದೆ. ಅಲ್ಲಿ 4304ರ ಮುಂದೆ ಮತ್ತೆ 4304 ಅಂತಲೇ ಬರೆದರು. ಅಂದ್ರೆ, ಹಾಗೇ ಬಿಡು ಅಂತ. ಭಾಷೆಯ ರೂಢಿಯೇ ಇಲ್ಲಿ ನಿಯಮವಾಯ್ತು.

ಹಾಗಾದ್ರೆ ಹೊಸ ನಂಬರ್ ವಾಪಸ್ ತಗೋಬಹುದಿತ್ತಾ? ಇಲ್ಲ. ಒಮ್ಮೆ ಕೊಟ್ಟ ನಂಬರನ್ನು ಯೂನಿಕೋಡ್ ಹಿಂದೆ ತಗೊಳ್ಳಲ್ಲ, ಹೆಸರನ್ನೂ ಬದಲಾಯಿಸಲ್ಲ. ನಮ್ಮ ಹಳಗನ್ನಡದ ೞ ಅಕ್ಷರಕ್ಕೆ ಅಲ್ಲಿ ತಪ್ಪಾಗಿ 'ಫ' ಅಂತ ಹೆಸರು ಬಿದ್ದಿದೆ. ತಪ್ಪು ಅಂತ ಒಪ್ಪಿಕೊಂಡು ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದರೇ ಹೊರತು ಹಳೇದನ್ನು ಅಳಿಸಲಿಲ್ಲ. ಹಳೆಯ ಫೈಲುಗಳು ಕೆಡಬಾರದಲ್ಲ! ಹಾಗಾಗಿ ಜಾರ್ಜಿಯನ್‌ಗೆ ಇದ್ದ ದಾರಿಗಳಲ್ಲಿ ಎರಡು: ಫಾಂಟಿಗೆ ಹೊಸ ಅಕ್ಷರ ಸೇರಿಸೋದು, ಇಲ್ಲವೇ ಸೈಟಿನ ಆ ಸಾಲನ್ನು ಜಾರ್ಜಿಯನ್‌ಗೆ ಮಾತ್ರ ತೆಗೆಯೋದು.

ಈ ಕಥೆಯಿಂದ ನಾನು ಕಲಿತದ್ದು ಇಷ್ಟು: ನಂಬರ್ ಸಿಕ್ಕ ತಕ್ಷಣ ಅಕ್ಷರ ಪರದೆ ಮೇಲೆ ಬರಲ್ಲ. ಪಟ್ಟಿ, ಬ್ರೌಸರ್, ಫಾಂಟ್ ಮೂರೂ ಒಟ್ಟಿಗೆ ಹೆಜ್ಜೆ ಹಾಕಬೇಕು. ಮುಂದಿನ ಸಲ ಡಬ್ಬಿ ಕಂಡರೆ ಬರಹವೇ ಅಳಿಸಿಹೋಯ್ತು ಅಂದುಕೊಳ್ಳಬೇಡಿ. ಹೆಚ್ಚಿನ ಸಲ ನಂಬರ್ ಒಳಗೆ ಭದ್ರವಾಗೇ ಇರುತ್ತೆ. ಫೋನ್ ಅಪ್‌ಡೇಟ್ ಮಾಡಿ ನೋಡಿ. ಇನ್ನು ನೀವೇ ಆ್ಯಪ್ ಮಾಡೋರಾದರೆ, "ಎಲ್ಲಾ ಕ್ಯಾಪಿಟಲ್" ಸಾಲು ಬರೆಯೋ ಮೊದಲು ಓದೋರು ಯಾವ ಭಾಷೆಯವರು ಅಂತ ಒಮ್ಮೆ ಕೇಳಿಕೊಳ್ಳಿ. ಮತ್ತೆ ಸಿಗೋಣ.